ಕಾಣೆಯಾದ ಪ್ರಾಣಿಗಳ ಬೆನ್ನು ಹತ್ತಿ

ಮನೆಯಲ್ಲಿ ಒಂದು ಬೀಗದ ಕೈ ಕಳೆದುಹೋದರೆ ಮೂಲೆಮೂಲೆಯನ್ನೂ ತಡಕುತ್ತೇವೆ. ಸಿಕ್ಕದಿದ್ದರೆ ಹೊಸದೊಂದನ್ನು ಮಾಡಿಸಿಕೊಳ್ಳುತ್ತೇವೆ. ಆದರೆ ಭೂಮಿಯ ಮೇಲಿನ ಒಂದು ಪ್ರಾಣಿಕುಲವೇ ಕಳೆದುಹೋದರೆ ಅದನ್ನು ಮಾಡಿಕೊಡುವ ಕಮ್ಮಾರನು ಎಲ್ಲಿಯೂ ಇಲ್ಲ. ಆದುದರಿಂದಲೇ, ಕಾಣೆಯಾದ ಪ್ರಾಣಿ ನಿಜವಾಗಿಯೂ ಅಳಿದಿದೆಯೋ ಅಥವಾ ಎಲ್ಲಿಯಾದರೂ ಅಡಗಿ ಉಳಿದಿದೆಯೋ ಎಂದು ಹುಡುಕುವ ಕೆಲಸಕ್ಕೆ ಬಹಳ ಬೆಲೆಯಿದೆ. ಆಸ್ಟ್ರೇಲಿಯದಲ್ಲಿ ನಡೆದ ಅಂತಹ ಹುಡುಕಾಟದ ಕಥೆಯೊಂದು ಇಲ್ಲಿದೆ.

ಆಸ್ಟ್ರೇಲಿಯ ಎಂದೊಡನೆ ನಮಗೆ ನೆನಪಾಗುವುದು ಕಾಂಗರೂ. ಮರಿಯನ್ನು ಹೊಟ್ಟೆಯ ಚೀಲದಲ್ಲಿಟ್ಟು ಸಾಕುವ ಪ್ರಾಣಿಗಳೆಲ್ಲವೂ ಕಾಂಗರೂವಿನಂತೆ ಹುಲ್ಲು ಮೇಯುವ ಸಾಧುಗಳಲ್ಲ. ಬೇಟೆಯಾಡಿ ಮಾಂಸ ತಿನ್ನುವವೂ ಅವುಗಳಲ್ಲಿ ಉಂಟು. ಇಪ್ಪತ್ತನೆಯ ಶತಮಾನದವರೆಗೆ ಉಳಿದುಬಂದವುಗಳಲ್ಲಿ ಅತ್ಯಂತ ದೊಡ್ಡದು ಥೈಲಸಿನ್. ನಾಯಿಯಂತಹ ತಲೆ, ಸೆಟೆದ ಬಾಲ, ಬೆನ್ನಿನ ಹಿಂಭಾಗದಲ್ಲಿ ಕಪ್ಪು ಪಟ್ಟೆಗಳು ಇದರ ಲಕ್ಷಣ. ಪಟ್ಟೆಗಳನ್ನು ಕಂಡ ಜನರು ಇದನ್ನು 'ಟಾಸ್ಮೇನಿಯದ ಹುಲಿ' ಎಂದು ಕರೆದರು. ಆದರೆ ಹುಲಿಗೂ ಇದಕ್ಕೂ ಯಾವ ನಂಟೂ ಇರಲಿಲ್ಲ.

ಒಂದು ಕಾಲದಲ್ಲಿ ಈ ಪ್ರಾಣಿ ಆಸ್ಟ್ರೇಲಿಯದ ಮುಖ್ಯ ಭೂಭಾಗದಲ್ಲೆಲ್ಲ ಸಂಚರಿಸುತ್ತಿದ್ದಿತು. ಉತ್ತರದ ಕಾಕಡು ಪ್ರದೇಶದ ಬಂಡೆಗಳ ಮೇಲೆ ಮೂಲನಿವಾಸಿಗಳು ಬರೆದ ಅದರ ಚಿತ್ರಗಳು ಇಂದಿಗೂ ಇವೆ. ಆದರೆ ಸುಮಾರು 3000 ವರ್ಷಗಳ ಹಿಂದೆಯೇ ಅದು ಅಲ್ಲಿಂದ ಕಣ್ಮರೆಯಾಯಿತು. ಮನುಷ್ಯರೊಡನೆ ಬಂದ ಡಿಂಗೊ ಎಂಬ ನಾಯಿಯ ಪೈಪೋಟಿ, ಮನುಷ್ಯರ ಬೇಟೆ, ಹವಾಮಾನದ ಬದಲಾವಣೆ ಇವೇ ಕಾರಣಗಳಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಡಿಂಗೊ ತಲುಪದ ಟಾಸ್ಮೇನಿಯ ದ್ವೀಪದಲ್ಲಿ ಮಾತ್ರ ಥೈಲಸಿನ್ ಉಳಿಯಿತು.

ಅಲ್ಲಿಯೂ ಅದಕ್ಕೆ ನೆಮ್ಮದಿ ದೊರೆಯಲಿಲ್ಲ. ಯೂರೋಪಿನಿಂದ ಬಂದು ನೆಲಸಿದ ಕುರಿ ಸಾಕಣೆಗಾರರು ಅದನ್ನು ಕುರಿಗಳ್ಳನೆಂದು ದೂರಿದರು. 1888ರಿಂದ 1909ರವರೆಗೆ ಅಲ್ಲಿನ ಸರ್ಕಾರವು ಕೊಂದು ತಂದ ಪ್ರತಿಯೊಂದು ಬೆಳೆದ ಪ್ರಾಣಿಗೂ ಒಂದು ಪೌಂಡ್ ಬಹುಮಾನ ಕೊಟ್ಟಿತು. ಹೀಗೆ ಬಹುಮಾನ ಪಡೆದ ಪ್ರಾಣಿಗಳ ಲೆಕ್ಕ 2000ವನ್ನು ಮೀರಿತು. ಕಡೆಗೆ 1936ರ ಜುಲೈ 10ರಂದು ಥೈಲಸಿನ್‌ಗೆ ಕಾನೂನಿನ ರಕ್ಷಣೆ ದೊರೆಯಿತು. ಅದಾದ 59 ದಿನಗಳಿಗೆ, ಸೆಪ್ಟೆಂಬರ್ 7ರಂದು, ಹೋಬಾರ್ಟ್ ನಗರದ ಮೃಗಾಲಯದಲ್ಲಿದ್ದ ಕೊನೆಯ ಥೈಲಸಿನ್ ಸತ್ತುಹೋಯಿತು. 'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು' ಎಂಬ ಗಾದೆ ಇಂತಹ ಸಂದರ್ಭಕ್ಕೇ ಹುಟ್ಟಿರಬೇಕು.

ಹುಡುಕಾಟ ಬಿರುಸಾದುದು ಆಮೇಲೆ. 'ನಾನು ಕಂಡೆ' ಎನ್ನುವವರಿಗೆ ಕೊರತೆಯಿರಲಿಲ್ಲ. 1966ರಲ್ಲಿ ಮುಖ್ಯ ಭೂಭಾಗದ ನಲ್ಲರ್‌ಬೋರ್ ಬಯಲಿನ ಗುಹೆಯೊಂದರಲ್ಲಿ ಒಂದು ಥೈಲಸಿನ್‌ನ ಒಣಗಿದ ದೇಹ ಸಿಕ್ಕಿತು. ಕೂದಲೂ ಪಟ್ಟೆಗಳೂ ಚೆನ್ನಾಗಿ ಉಳಿದಿದ್ದುದರಿಂದ ಅದು ಇತ್ತೀಚೆಗೆ ಸತ್ತುದಿರಬಹುದೆಂಬ ಆಸೆ ಮೂಡಿತು. ಪರೀಕ್ಷಿಸಿ ನೋಡಿದಾಗ ಅದರ ವಯಸ್ಸು 4600 ವರ್ಷಗಳಷ್ಟೆಂದು ತಿಳಿಯಿತು. ಗುಹೆಯ ಒಣಹವೆ ಅದನ್ನು ಕಾಪಾಡಿತ್ತು. 1982ರಲ್ಲಿ ಟಾಸ್ಮೇನಿಯದ ವನ್ಯಜೀವಿ ಇಲಾಖೆಯ ಅನುಭವಿ ನೌಕರನೊಬ್ಬನು ಮಳೆಯ ರಾತ್ರಿಯಲ್ಲಿ ದೀಪದ ಬೆಳಕಿಗೆ ಥೈಲಸಿನ್ ಕಂಡೆನೆಂದು ತಿಳಿಸಿದನು. ಎರಡು ವರ್ಷ ಆ ಪ್ರದೇಶವನ್ನೆಲ್ಲ ಶೋಧಿಸಿದರೂ ಯಾವ ಪುರಾವೆಯೂ ದೊರೆಯಲಿಲ್ಲ. ಕಂಡವನು ಸುಳ್ಳುಗಾರನೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ವಿಜ್ಞಾನವು ಆಸೆಯನ್ನು ಒಪ್ಪುವುದಿಲ್ಲ. ಹೆಜ್ಜೆಗುರುತು, ಕೂದಲು, ಹಿಕ್ಕೆ ಅಥವಾ ಸ್ಪಷ್ಟವಾದ ಚಿತ್ರವನ್ನು ಕೇಳುತ್ತದೆ.

ಹಾಗೆಂದು ಎಲ್ಲ ಹುಡುಕಾಟವೂ ಬರಿಗೈಯಲ್ಲಿ ಮುಗಿಯುವುದಿಲ್ಲ. ಕ್ವೋಲ್ ಎಂಬುದು ಬಿಳಿಯ ಚುಕ್ಕೆಗಳುಳ್ಳ, ಬೆಕ್ಕಿನ ಗಾತ್ರದ ಮತ್ತೊಂದು ಮಾಂಸಾಹಾರಿ ಪ್ರಾಣಿ. ಅದರಲ್ಲಿ ಹಲವು ಬಗೆಗಳುಂಟು. ಬಾಲದ ಮೇಲೂ ಚುಕ್ಕೆಗಳಿರುವ ಬಗೆಯು ದಕ್ಷಿಣ ಆಸ್ಟ್ರೇಲಿಯ ರಾಜ್ಯದಲ್ಲಿ ನೂರಮೂವತ್ತು ವರ್ಷಗಳಿಂದ ಕಂಡಿರಲಿಲ್ಲ. 2023ರಲ್ಲಿ ಬೀಚ್‌ಪೋರ್ಟ್ ಎಂಬ ಊರಿನ ಬಳಿಯ ರೈತನೊಬ್ಬನು, ತನ್ನ ಕೋಳಿಗಳನ್ನು ಕೊಂದ ಬೆಕ್ಕನ್ನು ಹಿಡಿಯಬೇಕೆಂದು ಬೋನು ಇಟ್ಟನು. ಬೋನಿನಲ್ಲಿ ಸಿಕ್ಕಿದ್ದು ಬೆಕ್ಕಲ್ಲ, ಆ ಕ್ವೋಲ್!

ಇದರ ದಾಯಾದಿಯಾದ ಪೂರ್ವದ ಕ್ವೋಲ್‌ನ ಕಥೆ ಬೇರೆ. ಬೇಟೆಯ ಮೋಜಿಗೆಂದು ಯೂರೋಪಿನವರು ತಂದು ಬಿಟ್ಟ ನರಿಗಳು ಅದಕ್ಕೆ ಮೃತ್ಯುವಾದುವು. ಮುಖ್ಯ ಭೂಭಾಗದಲ್ಲಿ ಅದು ಖಚಿತವಾಗಿ ಕಂಡುಬಂದುದು 1963ರಲ್ಲಿ, ಸಿಡ್ನಿ ನಗರದ ವೋಕ್ಲೂಸ್‌ನಲ್ಲಿ, ಅದೇ ಕೊನೆ. ಆದರೆ ಟಾಸ್ಮೇನಿಯದಲ್ಲಿ ಅದು ಬದುಕಿತ್ತು. 2016ರಲ್ಲಿ ಅಲ್ಲಿಂದ ಕೆಲವನ್ನು ತಂದು, ಕ್ಯಾನ್‌ಬೆರಾದ ಬಳಿ ನರಿ ನುಗ್ಗದಂತೆ ಬೇಲಿ ಹಾಕಿದ ಮಲ್ಲಿಗನ್ಸ್ ಫ್ಲಾಟ್ ವನದಲ್ಲಿ ಬಿಟ್ಟರು. ಗಂಡುಗಳು ಬೇಲಿ ಹತ್ತಿ ಹೊರಹೋಗಿ ಸತ್ತವು. ವಿಜ್ಞಾನಿಗಳು ಧೈರ್ಯಗೆಡಲಿಲ್ಲ. ಮರುವರ್ಷ ಚೀಲದಲ್ಲಿ ಮರಿಗಳನ್ನು ಹೊತ್ತ ತಾಯಂದಿರನ್ನೇ ಬಿಟ್ಟರು. ಹುಟ್ಟುವಾಗ ಅಕ್ಕಿಕಾಳಿನಷ್ಟಿರುವ ಮರಿಗಳ ಭಾರ ಹೊತ್ತ ತಾಯಿ ದೂರ ಅಲೆಯಲಿಲ್ಲ. ಅಲ್ಲಿಯೇ ನೆಲೆ ನಿಂತಿತು.

ಥೈಲಸಿನ್‌ಗೂ ಕ್ವೋಲ್‌ಗೂ ಇರುವ ಅಂತರ ಇಷ್ಟೆ. ಒಂದನ್ನು ಕೊನೆಯದು ಸತ್ತ ಮೇಲೆ ಹುಡುಕಿದರು. ಇನ್ನೊಂದನ್ನು ಎಲ್ಲಿಯೋ ಒಂದೆಡೆ ಉಳಿದಿರುವಾಗಲೇ ಕೈಹಿಡಿದರು. ಉಳಿದುದನ್ನು ಮರಳಿ ತರಬಹುದು. ಅಳಿದುದನ್ನು ಚಿತ್ರದಲ್ಲಿ ಮಾತ್ರ ನೋಡಬಹುದು. ಕಾಣೆಯಾದ ಮೇಲೆ ನಾವು ತೋರುವ ಶ್ರದ್ಧೆಯ ಕಾಲುಭಾಗವನ್ನಾದರೂ ಕಣ್ಣೆದುರಿಗೆ ಇರುವಾಗಲೇ ತೋರಿದರೆ, ಮುಂದಿನವರಿಗೆ ಹುಡುಕುವ ಕಷ್ಟ ತಪ್ಪೀತು.