ಹಲಸಿನ ಬೀಜದ ಪ್ರೋಟೀನಿಗೆ ಮೊದಲು ಕೈಯಾರೆ ಒಂದು ಪುಟ ಬರೆ

ಹೊಸಮನೆ, ಶಿವಮೊಗ್ಗ

ಮಗಳೇ,

ನಿನ್ನ ಯೋಜನೆಯ ಸುದ್ದಿ ತಿಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಸ್ವಲ್ಪ ಸಿಟ್ಟೂ ಇದೆ. ಪ್ರೋಟೀನುಗಳ ರಚನೆ ಕುರಿತು ಕನ್ನಡದಲ್ಲಿ ವಿಕಿ ಪುಟಗಳಾಗಬೇಕೆಂಬ ಆಸೆ ಒಳ್ಳೆಯದೇ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ನಿನಗೆ ಅಂಥ ಆಸೆ ಹುಟ್ಟದೆ ಇನ್ಯಾರಿಗೆ ಹುಟ್ಟಬೇಕು? ಆದರೆ ವಿಕಿ ಪುಟಗಳನ್ನು ಪ್ರೋಗ್ರಾಮಿನಿಂದಲೇ ಬರೆದು ತಿದ್ದುವ ಎಂಡಬ್ಲ್ಯುಕ್ಲೈಂಟ್ ಎಂಬ ಪೈಥಾನ್ ಲೈಬ್ರರಿ ಕೈಗೆ ಸಿಕ್ಕಿದೆ, ಪ್ರೋಟೀನ್ ರಚನೆಗಳ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕಿನ ಮಾಹಿತಿಯನ್ನು ಒಂದು ಟೆಂಪ್ಲೇಟಿಗೆ ತುಂಬಿಸಿ ರಜೆ ಮುಗಿಯುವಷ್ಟರಲ್ಲಿ ಸಾವಿರಗಟ್ಟಲೆ ಪುಟ ಏರಿಸಿಬಿಡುತ್ತೇನೆ ಅನ್ನುವ ಆತುರವಿದೆಯಲ್ಲ, ಅದು ನನಗೆ ಸರಿಕಾಣಲಿಲ್ಲ. ಲೈಬ್ರರಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಅದಕ್ಕೂ ಜಾಗವಿದೆ, ಕೈಬರಹಕ್ಕೂ ಜಾಗವಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದಷ್ಟೇ ನನ್ನ ಮಾತು.

ನನ್ನ ತಲೆಮಾರಿಗೆ ಈ ವಿಜ್ಞಾನ ದಕ್ಕಿದ್ದು ಬೇರೆ ರೀತಿಯಲ್ಲಿ. 1963ರಲ್ಲಿ ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಒಂದು ನಕ್ಷೆ ಪ್ರಕಟಿಸಿದರು. ಪ್ರೋಟೀನಿನ ಸರಪಳಿಯ ಪ್ರತಿ ಕೊಂಡಿಯಲ್ಲೂ ತಿರುಗಬಲ್ಲ ಎರಡು ಕೋನಗಳಿವೆ, ಫೈ ಮತ್ತು ಸೈ. ಪರಮಾಣುಗಳು ಒಂದಕ್ಕೊಂದು ತಾಗದಂತೆ ಈ ಕೋನಗಳು ಎಲ್ಲೆಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಲಾಗದು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಅದೇ ಹೊತ್ತಿಗೆ, 1971ರಲ್ಲಿ, ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಪ್ರೋಟೀನ್ ಡೇಟಾ ಬ್ಯಾಂಕ್ ಶುರುವಾಯಿತು. ಆಗ ಅದರಲ್ಲಿದ್ದ ರಚನೆಗಳು ಏಳು. ಏಳೇ ಇದ್ದಾಗ ಒಂದೊಂದನ್ನೂ ಕುಳಿತು ನೋಡುವುದು, ಹೀಗೇಕೆ ಮಡಿಚಿಕೊಂಡಿದೆ ಎಂದು ಕೇಳುವುದು ಅನಿವಾರ್ಯವಾಗಿತ್ತು. 2023ರ ಆರಂಭಕ್ಕೆ ಆ ಸಂಖ್ಯೆ ಎರಡು ಲಕ್ಷ ದಾಟಿತು. ಇಷ್ಟಾದರೂ ಇಂದು ಯಾರೇ ಹೊಸ ರಚನೆ ಸಲ್ಲಿಸಲಿ, ಅದರ ಗುಣಮಟ್ಟದ ವರದಿಯಲ್ಲಿ ರಾಮಚಂದ್ರನ್ ನಕ್ಷೆಯ ಪರೀಕ್ಷೆ ಇದ್ದೇ ಇರುತ್ತದೆ. ಮಾಹಿತಿ ಎಷ್ಟು ಪಟ್ಟು ಬೆಳೆದರೂ ಅದನ್ನು ಅಳೆಯುವ ಕೋಲು ಬಂದದ್ದು, ಎರಡೇ ಕೋನಗಳ ಮೇಲೆ ಮೂವರು ಕೂತು ಮಾಡಿದ ಯೋಚನೆಯಿಂದ. ಇದನ್ನು ನೀನು ಮರೆಯಬಾರದು.

ಈಗ ನಿನ್ನ ಟೆಂಪ್ಲೇಟು ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದನ್ನು ಒಂದೇ ಉದಾಹರಣೆಯಿಂದ ನೋಡು. ನಮ್ಮ ಮಲೆನಾಡಿನ ಹಲಸಿನ ಬೀಜದಲ್ಲಿ ಜಾಕಲಿನ್ ಎಂಬ ಲೆಕ್ಟಿನ್, ಅಂದರೆ ಸಕ್ಕರೆಯನ್ನು ಹಿಡಿಯುವ ಪ್ರೋಟೀನ್, ಇದೆ. ಅದರ ರಚನೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಅವರ ತಂಡ 1996ರಲ್ಲಿ ಪ್ರಕಟಿಸಿತು. ಬ್ಯಾಂಕಿನಲ್ಲಿ ಅದರ ಗುರುತು 1ಜೆಎಸಿ. ನಿನ್ನ ಪ್ರೋಗ್ರಾಂ ಈ ಗುರುತು, ಸರಪಳಿಗಳ ಸಂಖ್ಯೆ, ರೆಸಲ್ಯೂಷನ್, ಲೇಖಕರ ಹೆಸರು ಇವನ್ನೆಲ್ಲ ಕ್ಷಣದಲ್ಲಿ ತಂದು ಜೋಡಿಸುತ್ತದೆ. ಆದರೆ ಈ ಪ್ರೋಟೀನಿನ ಸ್ವಾರಸ್ಯ ಇರುವುದು ಬೇರೆ ಕಡೆ. ಗಿಡ ಮೊದಲು ಒಂದೇ ಉದ್ದ ಸರಪಳಿಯನ್ನು ಕಟ್ಟುತ್ತದೆ, ಆಮೇಲೆ ಅದನ್ನು ಕತ್ತರಿಸಿ ಒಂದು ದೊಡ್ಡ, ಒಂದು ಸಣ್ಣ ತುಂಡು ಮಾಡುತ್ತದೆ. ಹಾಗೆ ಕತ್ತರಿಸಿದಾಗ ದೊಡ್ಡ ತುಂಡಿನ ತುದಿಯಲ್ಲಿ ಹೊಸದಾಗಿ ಹೊರಬೀಳುವ ಅಮೈನೊ ಗುಂಪೇ ಗ್ಯಾಲಕ್ಟೋಸ್ ಸಕ್ಕರೆಯನ್ನು ಹಿಡಿಯಲು ನೆರವಾಗುತ್ತದೆ. ಕತ್ತರಿಯಿಂದಲೇ ಒಂದು ಹೊಸ ಗುಣ ಹುಟ್ಟಿತು ಎಂಬುದು ಆ ಪ್ರಬಂಧದ ಜೀವ. ಇದು ಬ್ಯಾಂಕಿನ ಕೋಷ್ಟಕದ ಯಾವ ಕಾಲಂನಲ್ಲೂ ಇಲ್ಲ. ಪ್ರಬಂಧ ಓದಿ, ರಚನೆಯನ್ನು ಪರದೆಯ ಮೇಲೆ ತಿರುಗಿಸಿ ನೋಡಿ, ಆ ತುದಿ ಎಲ್ಲಿದೆ ಎಂದು ಹುಡುಕಿದವರು ಮಾತ್ರ ಬರೆಯಬಲ್ಲರು.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಒಂದು ತಂಡ ಎಂಎಸ್‌ಬಿಎ ಎಂಬ ಪ್ರೋಟೀನಿನ ರಚನೆಯನ್ನು 2001ರಲ್ಲಿ ಪ್ರಕಟಿಸಿ ಹೆಸರು ಮಾಡಿತು. 2006ರಲ್ಲಿ ಸ್ವಿಟ್ಜರ್ಲೆಂಡಿನ ತಂಡವೊಂದು ಅದೇ ಬಗೆಯ ಇನ್ನೊಂದು ಪ್ರೋಟೀನಿನ ರಚನೆ ಹೊರತಂದಾಗ ಎರಡಕ್ಕೂ ತಾಳೆಯಾಗಲಿಲ್ಲ. ಹುಡುಕಿ ನೋಡಿದರೆ, ಪ್ರಯೋಗಾಲಯದಲ್ಲೇ ಬರೆದುಕೊಂಡಿದ್ದ ಪ್ರೋಗ್ರಾಮೊಂದು ದತ್ತಾಂಶದ ಎರಡು ಕಾಲಂಗಳನ್ನು ಅದಲುಬದಲು ಮಾಡಿತ್ತು. ರಚನೆ ಕನ್ನಡಿಯ ಬಿಂಬದಂತೆ ತಿರುಗಿಬಿಟ್ಟಿತ್ತು. ಐದು ಪ್ರಬಂಧಗಳನ್ನು ಹಿಂಪಡೆಯಬೇಕಾಯಿತು. ಅಷ್ಟು ನುರಿತವರ ಕಣ್ಣಿಗೇ ಐದು ವರ್ಷ ಬೀಳದ ತಪ್ಪು ಅದು. ನಿನ್ನ ಲೂಪಿನಲ್ಲಿ ಒಂದು ಕಾಲಂ ಜಾರಿದರೆ ಅದು ಸಾವಿರ ಪುಟಗಳಲ್ಲಿ ಒಂದೇ ರಾತ್ರಿ ಕೂರುತ್ತದೆ, ಅದನ್ನು ಓದುವ ಹೈಸ್ಕೂಲಿನ ಮಗುವಿಗೆ ಬೇರೆ ಕನ್ನಡ ಪುಟ ತೆಗೆದು ತಾಳೆ ನೋಡಲು ದಾರಿಯೂ ಇರುವುದಿಲ್ಲ. ನೀನು ಓದಿಯೇ ಇರದ ಪುಟಕ್ಕೆ ನಿನ್ನ ಖಾತೆಯ ಹೆಸರು ಹಾಕುವುದು ಬೇಜವಾಬ್ದಾರಿ. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ನಿನ್ನ ಉತ್ತರವೂ ನನಗೆ ಗೊತ್ತು. ಎರಡು ಲಕ್ಷ ರಚನೆಗೆ ಯಾರು ಕೈಯಿಂದ ಬರೆಯುತ್ತಾರೆ, ಏನೂ ಇಲ್ಲದ ಕಡೆ ಅಷ್ಟಾದರೂ ಇರಲಿ ಎನ್ನುತ್ತೀಯ. ಸೆಬುವಾನೊ ಭಾಷೆಯ ವಿಕಿಪೀಡಿಯವನ್ನು ನೋಡು. ಅಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ; ಬಹುಪಾಲನ್ನು ಬರೆದದ್ದು ಸ್ವೀಡನ್ನಿನ ಒಬ್ಬರು ನಡೆಸಿದ ಎಲ್‌ಎಸ್‌ಜೆಬಾಟ್ ಎಂಬ ಪ್ರೋಗ್ರಾಂ. ಲೇಖನ ಬೆಳೆದಂತೆ ಬರೆಯುವ ಜನ ಬೆಳೆಯಲಿಲ್ಲ. ಪ್ರೋಟೀನ್ ರಚನೆಗಳ ವಿಕಿಯಾದ ಪ್ರೋಟಿಯೋಪೀಡಿಯ, ಬ್ಯಾಂಕಿನ ಪ್ರತಿ ರಚನೆಗೂ ತಾನಾಗಿಯೇ ಪುಟ ಹುಟ್ಟಿಸುವುದಿಲ್ಲವೇ ಎಂದೂ ಕೇಳಬಹುದು. ಹುಟ್ಟಿಸುತ್ತದೆ, ನಿಜ. ಹಾಗಿದ್ದ ಮೇಲೆ ಆ ಕೋಷ್ಟಕ ಈಗಾಗಲೇ ಜಗತ್ತಿನಲ್ಲಿದೆ; ಅದರ ಶೀರ್ಷಿಕೆಗಳನ್ನಷ್ಟೇ ಕನ್ನಡಕ್ಕೆ ತಿರುಗಿಸಿದರೆ ಓದುಗರಿಗೆ ಹೊಸದಾಗಿ ಏನೂ ದಕ್ಕದು. ಆ ತಾಣಕ್ಕೆ ಬೆಲೆ ಬಂದಿರುವುದು ಮನುಷ್ಯರು ಬರೆದ ಪುಟಗಳಿಂದ. ಅಲ್ಲಿ ವಾಕ್ಯದ ನಡುವಿನ ಹಸಿರು ಕೊಂಡಿ ಒತ್ತಿದರೆ ಪಕ್ಕದ ರಚನೆ ತಿರುಗಿ ಹೇಳಿದ ಜಾಗವನ್ನೇ ತೋರಿಸುತ್ತದೆ. ಯಾವುದನ್ನು ತೋರಿಸಬೇಕು ಎಂಬ ತೀರ್ಮಾನ ಬರೆದವರದು.

ಲೈಬ್ರರಿಗೆ ನ್ಯಾಯವಾದ ಕೆಲಸ ಯಾವುದು ಹಾಗಾದರೆ? ಪಾಲನೆ. ಮೊದಲು ಪ್ರೋಟಿಯೋಪೀಡಿಯದ ಪುಟಗಳಲ್ಲಿ ರಚನೆ ತೋರಿಸುತ್ತಿದ್ದುದು ಜಾವಾದಲ್ಲಿ ಓಡುವ ಜೆಮೋಲ್. ಬ್ರೌಸರುಗಳು ಜಾವಾವನ್ನು ಕೈಬಿಟ್ಟಾಗ ಜೆಎಸ್‌ಮೋಲ್ ಬರಬೇಕಾಯಿತು. ಬ್ಯಾಂಕಿನ ನಾಲ್ಕಕ್ಷರದ ಗುರುತುಗಳು ಮುಗಿಯುತ್ತ ಬಂದಿವೆ, ಇನ್ನು ಮುಂದೆ ಉದ್ದದ ಗುರುತು ಬರಲಿದೆ. ಹಳೆಯ ರಚನೆಯನ್ನು ತೆಗೆದು ಹೊಸದನ್ನು ಇಡುವುದೂ ಬ್ಯಾಂಕಿನಲ್ಲಿ ನಡೆದೇ ಇರುತ್ತದೆ. ಇಂಥ ಬದಲಾವಣೆಗಳನ್ನು ಪುಟಪುಟಕ್ಕೂ ಹೋಗಿ ಕೈಯಿಂದ ತಿದ್ದುವುದು ಮೂರ್ಖತನ. ಅಲ್ಲಿ ಪೈಥಾನ್ ಬೇಕೇ ಬೇಕು. ಆಗಲೂ ವಿಕಿ ಸಮುದಾಯದ ಒಪ್ಪಿಗೆ ಪಡೆದು ಬಾಟ್ ಖಾತೆಯಲ್ಲೇ ಓಡಿಸು. ಮೊದಲು ಪುಟ ಓದಿ ಏನು ಬದಲಾಗುತ್ತದೆಂದು ಪರದೆಯ ಮೇಲೆ ಮುದ್ರಿಸಿಕೊ, ಉಳಿಸಬೇಡ. ಹತ್ತು ಪುಟ ಕಣ್ಣಾರೆ ನೋಡಿದ ಮೇಲೆ ಉಳಿಸು. ಪ್ರತಿ ತಿದ್ದುಪಡಿಗೂ ಸಾರಾಂಶ ಬರೆ, ಸರ್ವರಿಗೆ ಉಸಿರಾಡಲು ಬಿಡುವು ಕೊಡು, ಮನುಷ್ಯರು ಬರೆದ ಸಾಲನ್ನು ಪ್ರೋಗ್ರಾಂ ಮುಟ್ಟದಂತೆ ನೋಡಿಕೊ.

ಇನ್ನೊಂದು ಆಕ್ಷೇಪ ಉಳಿಯಿತು: ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂ 20 ಕೋಟಿಗೂ ಮೀರಿ ರಚನೆಗಳನ್ನು ಊಹಿಸಿ ಇಟ್ಟಿದೆ, 2024ರ ರಸಾಯನವಿಜ್ಞಾನದ ನೊಬೆಲ್‌ನಲ್ಲೂ ಅದಕ್ಕೆ ಪಾಲು ಬಂದಿದೆ, ಇನ್ನು ಒಂದೊಂದನ್ನೇ ನೋಡಿ ಫಲವೇನು? ಫಲ ಹೆಚ್ಚಾಗಿದೆ ಎಂದೇ ನನ್ನ ಉತ್ತರ. ಆಕಾರ ಸುಲಭವಾಗಿ ಸಿಗುವ ಕಾಲದಲ್ಲಿ ಅದರ ಅರ್ಥ ಹೇಳುವವರಿಗೆ ಕೊರತೆ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆಯ ವೈರಸ್ಸನ್ನೇ ತೆಗೆದುಕೊ. ಒಂದೇ ಉದ್ದ ಪ್ರೋಟೀನನ್ನು ಮೊದಲು ಕಟ್ಟಿಸಿಕೊಂಡು ಅದನ್ನು ಹತ್ತು ಭಾಗವಾಗಿ ಕತ್ತರಿಸಿಕೊಳ್ಳುವುದೇ ಅದರ ಬಾಳು. ಅದರಲ್ಲಿ ಯಾವ ಭಾಗ ಏನು ಮಾಡುತ್ತದೆ, ಉಣುಗು ಕಚ್ಚಿದ ಮೇಲೆ ಒಳಗೆ ಏನಾಗುತ್ತದೆ ಎಂದು ತೀರ್ಥಹಳ್ಳಿಯ, ಸಾಗರದ ಓದುಗರಿಗೆ ತಿಳಿಯುವ ಹಾಗೆ ಬರೆದ ಪುಟಕ್ಕೆ ಇಲ್ಲಿ ಎಷ್ಟು ಬೆಲೆಯಿದೆ ಯೋಚಿಸು.

ಬೈದದ್ದು ಹೆಚ್ಚಾಯಿತೇನೋ. ನಿನ್ನಲ್ಲಿ ಶಕ್ತಿಯಿದೆ ಎಂದು ಗೊತ್ತಿರುವುದರಿಂದಲೇ ಇಷ್ಟು ಬರೆದೆ. ಈ ರಜೆಯಲ್ಲಿ ಜಾಕಲಿನ್ ಪುಟ ಮುಗಿಸು, ಆಮೇಲೆ ಮಂಗನ ಕಾಯಿಲೆಯ ವೈರಸ್ಸಿನ ಪುಟ ಹಿಡಿ. ನಿನ್ನಂತೆಯೇ ಬರೆಯುವ ಇಬ್ಬರು ಮೂವರು ಗೆಳತಿಯರು ಜೊತೆಗೂಡಿ ಕಾಯಬೇಕಾದಷ್ಟು ಪುಟಗಳಾದ ದಿನ ಲೈಬ್ರರಿಯನ್ನು ತೆಗೆ. ಅಲ್ಲಿಯವರೆಗೆ ಕೋಡು ಬರೆದಿಟ್ಟುಕೊ, ಓಡಿಸಬೇಡ.

ಇತಿ,
ನಿನ್ನ ಒಳಿತು ಬಯಸುವ ಹಿರಿಯ