ಆಹಾರ ಅಲರ್ಜಿ: ಲೇಬಲ್ ಕಾನೂನುಗಳು

ಅಲರ್ಜಿ ಇರುವವರ ಪಾಲಿಗೆ ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಜೀವ ಉಳಿಸುವ ಮಾಹಿತಿ.

ಅಮೆರಿಕ 2004ರಲ್ಲಿ ಇದಕ್ಕೆಂದೇ ಕಾಯ್ದೆ ಮಾಡಿತು. ಜಾರಿ 2006ರ ಜನವರಿ 1ರಿಂದ. ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿಯಂಥ ಚಿಪ್ಪುಜೀವಿಗಳು, ಮರಬೀಜಗಳು (ಬಾದಾಮಿ, ಗೋಡಂಬಿ ಇತ್ಯಾದಿ), ಕಡಲೆಕಾಯಿ, ಗೋಧಿ, ಸೋಯಾ ಎಂಬ ಎಂಟನ್ನು ಜನಬಳಕೆಯ ಹೆಸರಿನಲ್ಲೇ ನಮೂದಿಸಬೇಕು. 'ಕೇಸಿನ್' ಎಂದಷ್ಟೇ ಬರೆದರೆ ಸಾಲದು, 'ಹಾಲು' ಎಂಬುದು ಕಾಣಬೇಕು. ಒಂಬತ್ತನೆಯದು ಎಳ್ಳು: 2021ರ ಫಾಸ್ಟರ್ ಕಾಯ್ದೆಯಿಂದ ಸೇರಿತು, 2023ರ ಜನವರಿ 1ರಿಂದ ಕಡ್ಡಾಯ. ವಿಷಾದವೆಂದರೆ, ಎಳ್ಳಿನ ಆಕಸ್ಮಿಕ ಬೆರಕೆ ತಪ್ಪಿಸುವ ಶ್ರಮಕ್ಕಿಂತ ಹಿಟ್ಟಿಗೆ ಎಳ್ಳನ್ನೇ ಬೆರೆಸಿ ಲೇಬಲ್‌ನಲ್ಲಿ ತೋರಿಸುವುದು ಸುಲಭವೆಂದು ಕೆಲವು ಬ್ರೆಡ್ ತಯಾರಕರು ಹಾಗೆಯೇ ಮಾಡಿದರು. ಅಲರ್ಜಿ ಇದ್ದವರ ಆಯ್ಕೆ ಇನ್ನಷ್ಟು ಕಿರಿದಾಯಿತು.

ಐರೋಪ್ಯ ಒಕ್ಕೂಟದ ಪಟ್ಟಿಯಲ್ಲಿ 14 ಪದಾರ್ಥಗಳಿವೆ. ಎಳ್ಳು, ಸಾಸಿವೆ ಎರಡೂ ಅದರಲ್ಲಿವೆ. ಬ್ರಿಟನ್ನಿನ 'ನತಾಶಾ ಕಾನೂನು' (2021ರ ಅಕ್ಟೋಬರ್ 1) ಅಂಗಡಿಯಲ್ಲೇ ತಯಾರಿಸಿ, ಮೊದಲೇ ಕಟ್ಟಿಟ್ಟ ಸ್ಯಾಂಡ್‌ವಿಚ್‌ನಂಥ ತಿನಿಸಿಗೂ ಪೂರ್ಣ ಲೇಬಲ್ ಬೇಕೆನ್ನುತ್ತದೆ.

ಭಾರತದಲ್ಲಿ ಮೂಲ ಕಾಯ್ದೆ 2006ರದು, ನಿಯಂತ್ರಕ ಸಂಸ್ಥೆ ಎಫ್‌ಎಸ್‌ಎಸ್‌ಎಐ. ಲೇಬಲಿಂಗ್ ಮತ್ತು ಪ್ರದರ್ಶನ ನಿಯಮಗಳು 2020ರವು. ಇಲ್ಲಿನ ಪಟ್ಟಿಯಲ್ಲಿ ಗ್ಲುಟೆನ್ ಇರುವ ಧಾನ್ಯಗಳು ಮತ್ತು ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚಿನ ಸಲ್ಫೈಟ್ ಕೂಡ ಸೇರಿವೆ. ಒಗ್ಗರಣೆಯ ಸಾಸಿವೆಯಾಗಲಿ ಎಳ್ಳಾಗಲಿ ಈ ನಿಯಮಗಳ ಪಟ್ಟಿಯಲ್ಲಿಲ್ಲ. ನಮ್ಮ ಅಡುಗೆಗೆ ಅವು ಎಷ್ಟು ಹತ್ತಿರವೆಂದು ನೋಡಿದರೆ ಇದು ದೊಡ್ಡ ಕೊರತೆ.