ಮರಿಗೆ ಮೊದಲು ತಾಯಿಯ ಮಂಡಿ ನೋಡಿ

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ರೇಷ್ಮೆಹುಳುವಿನ ಪೆಬ್ರಿನ್ ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಅದಕ್ಕೇ ಬಿತ್ತನೆ ಕೋಠಿಯಲ್ಲಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮರಿ ಹಾಕಿಸುವ ಮುನ್ನ ಅದೇ ಎಚ್ಚರ ಮನೆಯ ಪೊಮೆರೇನಿಯನ್, ಪಗ್ ನಾಯಿಗಳ ವಿಷಯದಲ್ಲೂ ಇರಲಿ.

ಓಡುವಾಗ ನಾಯಿ ಹಿಂಗಾಲೊಂದನ್ನು ಮಡಚಿ ಎರಡು ಹೆಜ್ಜೆ ಕುಂಟಿ, ಆಮೇಲೆ ಏನೂ ಆಗದಂತೆ ಕಾಲೂರಿ ಓಡುತ್ತದೆಯೇ? ನೋಡಲು ಮುದ್ದಾಗಿರುತ್ತದೆ, ಆದರೆ ಅದು ಆಟವಲ್ಲ, ಮಂಡಿಚಿಪ್ಪು ಜಾರುತ್ತಿರಬಹುದು. ಸಣ್ಣ ತಳಿಗಳಲ್ಲಿ ಈ ತೊಂದರೆ ಹೆಚ್ಚು, ಬಹಳ ಸಲ ವಂಶದಿಂದಲೇ ಬರುತ್ತದೆ. ಪತ್ತೆಗೆ ದೊಡ್ಡ ಯಂತ್ರ ಬೇಡ; ಪಶುವೈದ್ಯರು ಕೈಯಿಂದ ಒತ್ತಿ ನೋಡಿಯೇ ಹೇಳಬಲ್ಲರು. ಹೃದಯದ ಬಡಿತವನ್ನೂ ಪರೀಕ್ಷೆ ಮಾಡಿಸಿ. ದೋಷ ಕಂಡ ನಾಯಿಯನ್ನು ಪ್ರೀತಿಯಿಂದ ಸಾಕಿ, ಮರಿ ಮಾತ್ರ ಹಾಕಿಸಬೇಡಿ. ಹೆಚ್ಚಿನ ತಪಾಸಣೆ ಬೇಕಾದರೆ ಚಿಕ್ಕಬಳ್ಳಾಪುರ, ಚಿಂತಾಮಣಿಯವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ದೂರವೇನಲ್ಲ.

ಕೇಂದ್ರ ಸರ್ಕಾರದ 2017ರ ನಾಯಿ ತಳಿ ಸಂವರ್ಧನೆ, ಮಾರಾಟ ನಿಯಮದಂತೆ 18 ತಿಂಗಳಾಗದ ಹೆಣ್ಣುನಾಯಿಗೆ ಕ್ರಾಸ್ ಮಾಡಿಸುವಂತಿಲ್ಲ, 8 ವಾರ ತುಂಬದ ಮರಿ ಮಾರುವಂತಿಲ್ಲ. ಗೌರಿಬಿದನೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಮರಿ ಕೊಳ್ಳುವ ಮುಂಚೆ ತಾಯಿನಾಯಿಯನ್ನು ಕಣ್ಣೆದುರು ನಡೆಸಿ ತೋರಿಸಲು ಕೇಳಿ. ತೋರಿಸದಿದ್ದರೆ ಮುಂಗಡ ಕೊಡಬೇಡಿ.